ಗಡ್ಡೆ ಸೇರಿದ ಬಿಳಿಕಣಗಳು

ಬಾಯಿ ಕ್ಯಾನ್ಸರಿನ ಗಡ್ಡೆಯ ಒಂದು ಚೂರನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಗುಲಾಬಿ ಬಣ್ಣದ ದುಂಡನೆಯ ಸುರುಳಿಗಳು ಕಾಣುತ್ತವೆ. ಅವು ಕ್ಯಾನ್ಸರ್ ಕೋಶಗಳು ಕಟ್ಟಿದ ಕೆರಟಿನ್ ಮುತ್ತುಗಳು. ಅವುಗಳ ಸುತ್ತಮುತ್ತ, ಸಂದುಗೊಂದುಗಳಲ್ಲಿ ಬೇರೆ ಜಾತಿಯ ಕೋಶಗಳು ಕಿಕ್ಕಿರಿದಿರುತ್ತವೆ: ಕಡುನೀಲಿ ಚುಕ್ಕೆಯಂಥ ಲಿಂಫೋಸೈಟ್, ಮೂರ್ನಾಲ್ಕು ಹೋಳಾದ ಕೋಶಕೇಂದ್ರವಿರುವ ನ್ಯೂಟ್ರೋಫಿಲ್, ಅಗಲ ಮೈಯ ಮ್ಯಾಕ್ರೋಫೇಜ್. ಇವುಗಳಲ್ಲಿ ಬಹುಪಾಲು ಬಾಯಲ್ಲಿ ಹುಟ್ಟಿದವಲ್ಲ, ಎಲುಬಿನ ಮಜ್ಜೆಯಲ್ಲಿ ಹುಟ್ಟಿ ನೆತ್ತರಲ್ಲಿ ಹರಿದು ಬಂದವು. ಗಡ್ಡೆಯೊಳಗೆ ಬಿಳಿಕಣಗಳಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಖೋ 1863ರಲ್ಲೇ ಗುರುತಿಸಿದ್ದರು. ಅವು ಅಲ್ಲಿ ಏನು ಮಾಡುತ್ತವೆ ಎಂಬುದು ತಿಳಿಯಲು ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮಜ್ಜೆಯ ವಿಷಯ ಬೇಗ ಮುಗಿಸೋಣ. ಬೆನ್ನು, ಸೊಂಟ, ಎದೆಯ ಎಲುಬುಗಳೊಳಗಿನ ಕೆಂಪು ಮಜ್ಜೆಯಲ್ಲಿ ರಕ್ತದ ಕಾಂಡಕೋಶಗಳಿವೆ. ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ಅವೇ ಮೂಲ. ನ್ಯೂಟ್ರೋಫಿಲ್‌ಗಳೇ ದಿನಕ್ಕೆ 10,000 ಕೋಟಿಯ ಆಸುಪಾಸು ತಯಾರಾಗುತ್ತವೆ. ಇನ್ನೊಂದು ಮಾತು. ನಾನಿಲ್ಲಿ ಹೇಳುತ್ತಿರುವುದು ಬ್ಲಡ್ ಕ್ಯಾನ್ಸರ್ ಬಗ್ಗೆ ಅಲ್ಲ. ಅದರಲ್ಲಿ ರಕ್ತದ ಕೋಶವೇ ಕೆಟ್ಟು ಕ್ಯಾನ್ಸರ್ ಆಗುತ್ತದೆ. ಬಾಯಿ, ಸ್ತನ, ಗರ್ಭಕೊರಳಿನಂಥ ಕಡೆ ಗಡ್ಡೆ ಕಟ್ಟಿದಾಗ ರಕ್ತದ ಕೋಶ ತಾನು ಕ್ಯಾನ್ಸರ್ ಆಗಿರುವುದಿಲ್ಲ. ಆದರೂ ಅದರ ದುಡಿಮೆ ಗಡ್ಡೆಯ ಪಾಲಾಗುತ್ತದೆ.

ಕುಷ್ಟಗಿಯಲ್ಲಾಗಲಿ ಯಲಬುರ್ಗಾದಲ್ಲಾಗಲಿ ಈ ಮಾತು ಹೇಳಿದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಬಿಳಿಕಣ ಜಾಸ್ತಿ ಆದ್ರ ಛಲೋ ಅಲ್ಲೇನ್ರೀ?’ ಬಿಳಿಕಣ ಎಂದರೆ ರೋಗಾಣು ನುಂಗುವ ಕಾವಲುಗಾರ ಎಂದು ಶಾಲೆಯಲ್ಲಿ ಓದಿದ್ದೇವೆ. ನುಂಗುವ ಈ ಗುಣವನ್ನು ಇಲ್ಯಾ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಗಳಲ್ಲಿ ಕಂಡರು, ಈ ಕೆಲಸಕ್ಕೆ 1908ರಲ್ಲಿ ನೊಬೆಲ್ ಬಂತು. ಪಾಠ ಸುಳ್ಳಲ್ಲ, ಆದರೆ ಅದರಲ್ಲಿ ಅರ್ಧ ಕಥೆ ಮಾತ್ರ ಇದೆ. ಉಳಿದರ್ಧ ತಿಳಿಯಬೇಕಾದರೆ ಗಾಯ ಮಾಯುವುದನ್ನು ನೋಡಬೇಕು.

ಕೈಗೆ ಕುಡುಗೋಲು ತಾಗಿತು ಎನ್ನಿ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳು ನುಗ್ಗುತ್ತವೆ. ಅವುಗಳ ಹಿಂದೆಯೇ ಮೊನೋಸೈಟ್ ಎಂಬ ಬಿಳಿಕಣಗಳು ಬಂದು ಮ್ಯಾಕ್ರೋಫೇಜ್‌ಗಳಾಗುತ್ತವೆ. ಮೊದಲೆರಡು ದಿನ ಕೊಲ್ಲುವ, ನುಂಗುವ, ಕಸ ತೆಗೆಯುವ ಕೆಲಸ. ಆಮೇಲೆ ಮ್ಯಾಕ್ರೋಫೇಜ್‌ಗಳ ಸ್ವಭಾವವೇ ಬದಲಾಗುತ್ತದೆ. ಅವು ಕೋಶಗಳಿಗೆ ಬೆಳೆಯಲು ಹೇಳುತ್ತವೆ, ಹೊಸ ರಕ್ತನಾಳ ಬರಿಸುತ್ತವೆ, ನಾರು ಹೆಣೆಸುತ್ತವೆ, ಹೋರಾಡುತ್ತಿದ್ದ ಟಿ ಕೋಶಗಳೆಂಬ ಲಿಂಫೋಸೈಟ್‌ಗಳನ್ನು ತಣ್ಣಗಾಗಿಸುತ್ತವೆ. ಕೊಂದ ಕೋಶವೇ ಕಟ್ಟುವ ಕೋಶವೂ ಆಗುವ ಈ ತಿರುವಿಗಿಂತ ಚೆಂದದ ಸಂಗತಿ ಜೀವಶಾಸ್ತ್ರದಲ್ಲಿ ನನಗೆ ಬೇರೆ ಕಂಡಿಲ್ಲ. ಗಾಯ ಮಾಯಿತು, ಕೋಶಗಳು ಜಾಗ ಖಾಲಿ ಮಾಡಿದವು, ಅಲ್ಲಿಗೆ ಮುಗಿಯಿತು.

ಗಡ್ಡೆಯಲ್ಲಿ ಆ ಮುಗಿತಾಯ ಬರುವುದಿಲ್ಲ. 1986ರಲ್ಲಿ ಹಾರ್ವರ್ಡ್‌ನ ಹೆರಾಲ್ಡ್ ಡ್ವೋರಾಕ್ ಗಡ್ಡೆಯನ್ನು ವಾಸಿಯಾಗದ ಗಾಯವೆಂದು ಕರೆದರು. ಕೊಪ್ಪಳ ಸೀಮೆಯವರಿಗೆ ಇದು ದೂರದ ಮಾತಲ್ಲ. ಅಡಿಕೆ, ಸುಣ್ಣ, ತಂಬಾಕು ದಿನವಿಡೀ ಕೆನ್ನೆಯ ಒಳಪದರವನ್ನು ಕೆರೆಯುತ್ತವೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂತು. ಎರಡನ್ನೂ ಅಂಗೈಯಲ್ಲಿ ಕೂಡಿಸಿ ಬಾಯಿಗೆ ಹಾಕಿಕೊಳ್ಳುವುದು ನಿಂತಿಲ್ಲ. ಹೀಗೆ ವರ್ಷಗಟ್ಟಲೆ ಕೆರೆದ ಕೆನ್ನೆಯಲ್ಲಿ ರಿಪೇರಿ ನಡೆಯುತ್ತಲೇ ಇರುತ್ತದೆ, ನಾರು ಬೆಳೆಯುತ್ತಲೇ ಇರುತ್ತದೆ. ಕಡೆಗೆ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದಂತೆ ಬಿಗಿಯುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕ್ಯಾನ್ಸರ್ ಹುಟ್ಟಲು ಅದು ಹದವಾದ ನೆಲ.

ಗಡ್ಡೆ ಕಟ್ಟಿದ ಮೇಲೆ ಅದು ತಾನೇ ಬಿಳಿಕಣಗಳಿಗೆ ಕರೆ ಕಳಿಸತೊಡಗುತ್ತದೆ. ಸಿಸಿಎಲ್-2 ಎಂಬ ಅಣು ಮೊನೋಸೈಟ್‌ಗಳನ್ನು ಎಳೆತರುತ್ತದೆ, ಸಿಎಸ್ಎಫ್-1 ಎಂಬುದು ಅವನ್ನು ಮ್ಯಾಕ್ರೋಫೇಜ್ ಆಗಿಸಿ ಉಳಿಸಿಕೊಳ್ಳುತ್ತದೆ. ಬಂದವು ಕಟ್ಟುವ ಕೆಲಸದಲ್ಲೇ ಸಿಕ್ಕಿಬೀಳುತ್ತವೆ. ಗಡ್ಡೆಯ ನಡುವೆ ಆಮ್ಲಜನಕ ಸಾಲದಾದಾಗ ಹೊಸ ರಕ್ತನಾಳ ಬರಿಸುತ್ತವೆ, ಸುತ್ತಲಿನ ನಾರನ್ನು ಕರಗಿಸಿ ಕ್ಯಾನ್ಸರ್ ಕೋಶಕ್ಕೆ ದಾರಿ ಮಾಡುತ್ತವೆ. ಟಿ ಕೋಶಗಳಿಗೆ ಬೇಕಾದ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಒಡೆದು ಅವನ್ನು ಸೊರಗಿಸುತ್ತವೆ. ಜೆಫ್ರಿ ಪೊಲಾರ್ಡ್ ಅವರ ತಂಡ 2001ರಲ್ಲಿ ಸಿಎಸ್ಎಫ್-1 ಇಲ್ಲದ ಇಲಿಗಳಲ್ಲಿ ಸ್ತನ ಕ್ಯಾನ್ಸರನ್ನು ಗಮನಿಸಿತು. ಗಡ್ಡೆ ಹುಟ್ಟಿತು, ಆದರೆ ಉಗ್ರವಾಗುವುದು ತಡವಾಯಿತು, ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು. ಮ್ಯಾಕ್ರೋಫೇಜ್‌ಗಳ ಕೈವಾಡಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕೆ?

ಗಡ್ಡೆಯ ಕರೆ ಮಜ್ಜೆಯವರೆಗೂ ಮುಟ್ಟುತ್ತದೆ. ಮಜ್ಜೆ ಅವಸರಕ್ಕೆ ಬಿದ್ದು ಇನ್ನೂ ಬಲಿಯದ ಕೋಶಗಳನ್ನೇ ಹೊರಗೆ ಬಿಡುತ್ತದೆ. ಈ ಎಳೆಯ ಕೋಶಗಳಲ್ಲಿ ಕೆಲವು ಸೋಂಕಿನೆದುರು ಹೋರಾಡುವುದಕ್ಕಿಂತ ಹೆಚ್ಚಾಗಿ ಟಿ ಕೋಶಗಳನ್ನು ಹತ್ತಿಕ್ಕುತ್ತವೆ. ಇದರ ನೆರಳು ಸಾಮಾನ್ಯ ರಕ್ತಪರೀಕ್ಷೆಯಲ್ಲೂ ಕಾಣಬಹುದು. ವರದಿಯಲ್ಲಿ ಬಿಳಿಕಣ 14,000, ನ್ಯೂಟ್ರೋಫಿಲ್ 84, ಲಿಂಫೋಸೈಟ್ 12 ಎಂದಿದ್ದರೆ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿ: 7 ಬರುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 1ರಿಂದ 3. ಈ ಅನುಪಾತ ಏರಿದ ಕ್ಯಾನ್ಸರ್ ರೋಗಿಗಳ ಗುಂಪಿನಲ್ಲಿ ಫಲಿತಾಂಶ ಒಟ್ಟಾರೆ ಕೆಟ್ಟದಾಗಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ. ನ್ಯುಮೋನಿಯಾ ಆದರೂ ಇದು ಏರುತ್ತದೆ, ಹಾಗಾಗಿ ವರದಿ ಹಿಡಿದು ಮನೆಯಲ್ಲೇ ಕ್ಯಾನ್ಸರ್ ಎಂದು ತೀರ್ಮಾನಿಸಬಾರದು. ಆದರೆ ‘ಬಿಳಿಕಣ ಏರ್ಯಾವು, ಚಿಂತಿಲ್ಲ’ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಬಿಳಿಕಣ ಹೆಚ್ಚಿಸುವ ಪುಡಿ ಎಂದು ಮಾರುವವರ ಮಾತಿಗಂತೂ ಕಿವಿಗೊಡಬೇಡಿ.

ಈಗ ನನಗೆ ಅತಿ ಪ್ರಿಯವಾದ ಸಂಗತಿ. ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ದಾಖಲೆ ನೋಡಿ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಒಂದು ಮಾತು ಹೇಳಿದ್ದರು: ಕ್ಯಾನ್ಸರ್ ಸಿಕ್ಕಸಿಕ್ಕಲ್ಲಿ ಬೇರೂರುವುದಿಲ್ಲ, ಬೀಜಕ್ಕೆ ಒಪ್ಪುವ ಮಣ್ಣು ಬೇಕು. ಗಂಗಾವತಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಟ್ರ್ಯಾಕ್ಟರ್ ಇಳಿಸಿ ಗದ್ದೆಯನ್ನು ಕೆಸರು ಮಾಡುತ್ತಾರೆ, ಸಸಿ ನಾಟಿ ಆಮೇಲೆ. ಕ್ಯಾನ್ಸರಿಗೆ ಈ ಗದ್ದೆ ಹದ ಮಾಡಿಕೊಡುವವರು ಯಾರು? 2005ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡೆನ್ ತಂಡ ಇಲಿಗಳ ಮಜ್ಜೆಯ ಕೋಶಗಳಿಗೆ ಹಸಿರು ಹೊಳಪಿನ ಗುರುತು ಹಾಕಿ, ಗಡ್ಡೆ ಬೆಳೆಸಿ, ಶ್ವಾಸಕೋಶವನ್ನು ನೋಡುತ್ತಾ ಬಂತು. ಮೊದಲು ಅಲ್ಲಿ ಗುಂಪುಗೂಡಿದ್ದು ಹಸಿರು ಕೋಶಗಳು, ಅಂದರೆ ರಕ್ತ ಹುಟ್ಟಿಸುವ ಕುಲದ ಎಳೆಯ ಕೋಶಗಳು. ಕ್ಯಾನ್ಸರ್ ಕೋಶಗಳು ಬಂದದ್ದು ಆಮೇಲೆ, ಅದೇ ಜಾಗಗಳಿಗೆ. ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಲಿಗಳಿಗೆ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳು ಬೆಳೆದ ದ್ರಾವಣವನ್ನು ಚುಚ್ಚಿದಾಗ ಆ ಕ್ಯಾನ್ಸರ್ ತಾನು ಸಾಮಾನ್ಯವಾಗಿ ಹೋಗದ ಅಂಗಗಳಿಗೂ ಹೋಯಿತು! ಅಂದರೆ ನೆಲ ಎಲ್ಲಿ ಹದವಾಗಬೇಕೆಂಬ ಸೂಚನೆ ಆ ದ್ರಾವಣದಲ್ಲಿತ್ತು. ಇದರಲ್ಲಿ ಯಾವ ಅಣುವಿನ ಪಾತ್ರ ಎಷ್ಟು ಎಂಬ ವಾದ ಇಂದಿಗೂ ನಡೆದಿದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟು ಕೇಳಿದವರು ಎಡವುವ ಎರಡು ಜಾಗಗಳಿವೆ. ‘ಗಾಯ ಅಂದ್ರಲ್ಲ, ಹಂಗಾದ್ರ ಗಡ್ಡಿಗೆ ಚಾಕು ಮುಟ್ಟಿಸಬಾರದು’ ಎನ್ನುತ್ತಾರೆ ಕೆಲವರು. ತಪ್ಪು. ಬಯಾಪ್ಸಿಯ ಭಯಕ್ಕೆ ಕಳೆದ ತಿಂಗಳುಗಳಲ್ಲಿ ಬಾಯಿಯ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ. ಎರಡನೆಯದು, ಕೀಮೋ ನಡುವೆ ಕೊಡುವ ‘ಕೌಂಟ್ ಏರಿಸೋ ಇಂಜೆಕ್ಷನ್’. ಬಿಳಿಕಣ ಗಡ್ಡೆಗೆ ದುಡಿಯುವುದಾದರೆ ಅದು ಬೇಡ ಎನ್ನಬೇಡಿ. ಕೀಮೋದಿಂದ ನ್ಯೂಟ್ರೋಫಿಲ್ ತೀರಾ ಕುಸಿದಾಗ ಸಾಮಾನ್ಯ ಸೋಂಕು ಕೂಡ ಜೀವ ತೆಗೆಯಬಲ್ಲದು, ಅದನ್ನು ತಡೆಯಲು ಆ ಇಂಜೆಕ್ಷನ್.

ಗಡ್ಡೆಯೊಳಗಿನ ಬಿಳಿಕಣಗಳೆಲ್ಲ ಸೋತಿರುವುದೂ ಇಲ್ಲ. ಟಿ ಕೋಶಗಳು ಒಳಹೊಕ್ಕಿದ್ದರೆ ಹಲವು ಕ್ಯಾನ್ಸರ್‌ಗಳಲ್ಲಿ ಅದು ಒಳ್ಳೆಯ ಲಕ್ಷಣ. ಅವುಗಳ ಮೇಲೆ ಬಿದ್ದ ತಡೆಯನ್ನು ಬಿಡಿಸುವ ದಾರಿ ತೋರಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಿಕ್ಕಿತು. ಆ ದಾರಿಯಲ್ಲಿ ಬಂದ ಔಷಧಿಗಳ ಬೆಲೆ ಬಡವರ ಕೈಗೆಟುಕುವುದಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ತಲೆ–ಕತ್ತಿನ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ ಒಂದು ಪರೀಕ್ಷೆ ನಡೆಸಿತು. ಅರ್ಧದಷ್ಟು ರೋಗಿಗಳಿಗೆ ಅಗ್ಗದ ಮಾತ್ರೆಗಳ ಜೊತೆಗೆ ಇಂಥದೊಂದು ಔಷಧಿಯಾದ ನಿವೊಲುಮ್ಯಾಬನ್ನು ಬರೀ 20 ಮಿಲಿಗ್ರಾಂ ಕೊಟ್ಟಿತು, ಅದು ರೂಢಿಯ 240 ಮಿಲಿಗ್ರಾಂನಲ್ಲಿ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ ಶೇ. 43ಕ್ಕೆ ಏರಿತು. ನಮ್ಮ ದೇಶದ ರೋಗಿಗಳಿಗಾಗಿ ನಮ್ಮವರೇ ಕೇಳಿಕೊಂಡ ಪ್ರಶ್ನೆ ಇದು, ಉತ್ತರವೂ ಇಲ್ಲೇ ಸಿಕ್ಕಿತು.

ಇಂಥ ಪ್ರಶ್ನೆಗಳು ಕೊಪ್ಪಳದಿಂದಲೂ ಏಳಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ ನಮ್ಮ ಜನ ರಿಪೋರ್ಟ್ ಹಿಡಿದು ಹೋಗುತ್ತಾರೆ. ಆದರೆ ಜಿಲ್ಲೆಯಲ್ಲೇ 2015ರಿಂದ ವೈದ್ಯಕೀಯ ಕಾಲೇಜಿದೆ. ಅಲ್ಲಿ ಪೆಥಾಲಜಿ ಕಲಿಯುವವರು ಮುಂದಿನ ಸಲ ಬಾಯಿ ಗಡ್ಡೆಯ ಸ್ಲೈಡ್ ನೋಡುವಾಗ ಕ್ಯಾನ್ಸರ್ ಕೋಶ ಗುರುತಿಸಿದ ಕೂಡಲೇ ಕಣ್ಣು ತೆಗೆಯದಿರಲಿ. ಅಂಚಿನಲ್ಲಿ ಲಿಂಫೋಸೈಟ್ ಎಷ್ಟು, ನ್ಯೂಟ್ರೋಫಿಲ್ ಎಷ್ಟು, ಮ್ಯಾಕ್ರೋಫೇಜ್ ಎಲ್ಲಿ ಕೂತಿವೆ ಎಂದು ಎಣಿಸಿ ಬರೆದಿಡಲಿ. ಆ ರೋಗಿ ಏನು ಜಗಿಯುತ್ತಿದ್ದ, ಎಷ್ಟು ವರ್ಷ ಜಗಿದ, ಚಿಕಿತ್ಸೆಯ ನಂತರ ಹೇಗಿದ್ದಾನೆ ಎಂಬುದನ್ನೂ ಆ ಲೆಕ್ಕದ ಪಕ್ಕದಲ್ಲೇ ಬರೆಯಲಿ.