ಗಣಿ ವಿಚಾರದಲ್ಲಿ ಊರವರ ಮಾತಿಗೆ ಬೆಲೆಯಿದೆಯೇ?

ಪ್ರಶ್ನೆ: ಗಣಿಯ ದೂಳು, ನೀರಿನ ಬಗ್ಗೆ ಸುತ್ತಲಿನ ಜನರನ್ನು ಕೇಳಬೇಕೆಂಬ ನಿಯಮವಿದೆಯೇ? – ಓದುಗರು, ಸಿರುಗುಪ್ಪ

ಉತ್ತರ: ಇದೆ. ಕಲ್ಲಿದ್ದಲಿರಲಿ, ಸಂಡೂರಿನ ಕಬ್ಬಿಣದ ಅದಿರಿರಲಿ, 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಗಣಿಗೆ ಅನುಮತಿ ನೀಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲೇ ಪತ್ರಿಕೆಗಳಲ್ಲಿ ಪ್ರಕಟಣೆ ನೀಡುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಗಣಿಯಿಂದ ಪರಿಸರದ ಮೇಲಾಗುವ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ನಡಾವಳಿಯನ್ನು ಸಭೆಯ ಕೊನೆಗೆ ಕನ್ನಡದಲ್ಲೇ ಓದಿ ಹೇಳಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ. ಆಕ್ಷೇಪಗಳನ್ನು ಬರೆದೂ ಕೊಡಬಹುದು.

ಅನುಮತಿಯ ನಂತರ ಕಂಪನಿ ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಪಾಲನೆಯ ವರದಿ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಕೇಳಿ ಪಡೆಯಬಹುದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಬಳಿಕ, ಇಲ್ಲಿನ ಗಣಿಗಳಿಗೆ ಪುನಶ್ಚೇತನ ಯೋಜನೆಯೂ ಕಡ್ಡಾಯವಾಯಿತು.