ಲೆಕ್ಕದ ಹಾಳೆ ಕೇಳಿದ ವಿದ್ಯಾರ್ಥಿ

ಹೋಟೆಲಿನ ಗಲ್ಲೆಯ ಮುಂದೆ ಕುಳಿತು ರಾತ್ರಿ ಜಮಾಖರ್ಚು ಹೊಂದಿಸುವವರಿಗೂ, ಕಚೇರಿಯ ಗುಮಾಸ್ತರಿಗೂ ಒಂದು ಸಂಗತಿ ತಿಳಿದೇ ಇದೆ: ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡಲೇಬೇಕು. ವಿದ್ವಾಂಸರ ಲೋಕದಲ್ಲಿ ಈ ಕಟ್ಟಳೆ ಅಷ್ಟು ಬಿಗಿಯಾಗಿರಲಿಲ್ಲವೆಂದರೆ ನಮ್ಮ ಓದುಗರಿಗೆ ಸೋಜಿಗವಾದೀತು.

2010ರಲ್ಲಿ ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸರಕಾರದ ಸಾಲವು ದೇಶದ ವಾರ್ಷಿಕ ಉತ್ಪನ್ನದ ನೂರಕ್ಕೆ 90ನ್ನು ಮೀರಿದಲ್ಲಿ ಪ್ರಗತಿ ಕುಂಠಿತವಾಗುವುದೆಂದೂ, ಎರಡನೆಯ ಮಹಾಯುದ್ಧದ ತರುವಾಯ ಅಂಥ ದೇಶಗಳ ಉತ್ಪನ್ನ ಸರಾಸರಿ ವರ್ಷಕ್ಕೆ ನೂರಕ್ಕೆ 0.1ರಷ್ಟು ಇಳಿಯಿತೆಂದೂ ಅದರ ಸಾರ. ಸರಕಾರಿ ವೆಚ್ಚವನ್ನು ಕಡಿತಗೊಳಿಸಬಯಸಿದ ಬ್ರಿಟನ್ ಹಾಗೂ ಅಮೆರಿಕದ ರಾಜಕಾರಣಿಗಳು ಇದನ್ನೇ ಆಧಾರವಾಗಿ ಹಿಡಿದರು. ಕಡಿತವೆಂದರೆ ಯಾರ ತಟ್ಟೆಯ ತುತ್ತು ಕಡಮೆಯಾಗುವುದೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ಂಡನ್ ಅವರಿಗೆ, ಪ್ರಸಿದ್ಧ ಪ್ರಬಂಧವೊಂದನ್ನು ಮರಳಿ ಲೆಕ್ಕ ಹಾಕಿ ನೋಡುವ ಅಭ್ಯಾಸವನ್ನು ತರಗತಿಯಲ್ಲಿ ಕೊಟ್ಟಿದ್ದರು. ಅವರು ಇದನ್ನೇ ಆರಿಸಿಕೊಂಡರು. ಎಷ್ಟು ಕೂಡಿ ಕಳೆದರೂ ಉತ್ತರ ಹೊಂದಲೊಲ್ಲದು. ಕೊನೆಗೆ ಲೇಖಕರನ್ನೇ ಕೇಳಲು, ಅವರು ತಮ್ಮ ಎಕ್ಸೆಲ್ ಹಾಳೆಯನ್ನು ಕಳುಹಿಸಿಕೊಟ್ಟರು. ಇದು ಅವರ ದೊಡ್ಡತನವೆಂದೇ ನಾವು ಎಣಿಸುತ್ತೇವೆ. ನೋಡಿದರೆ, 20 ದೇಶಗಳ ಪೈಕಿ ಸರಾಸರಿಗೆ ಸೇರಿದ್ದು 15ರ ಸಾಲುಗಳು ಮಾತ್ರ! ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗುಳಿದಿದ್ದವು. ಕೆಲವು ದೇಶಗಳ ಕೆಲವು ವರ್ಷಗಳ ಅಂಕಿಗಳೂ ಸೇರಿರಲಿಲ್ಲ. ನ್ಯೂಜಿಲೆಂಡಿನ ಒಂದೇ ವರ್ಷಕ್ಕೂ ಬ್ರಿಟನ್ನಿನ 19 ವರ್ಷಗಳಿಗೂ ಸಮಾನ ತೂಕ. ಸಾಲು ಬಿಟ್ಟದ್ದು ಕಣ್ಣಿಗೆ ರಾಚಿದರೂ, ಹೆಚ್ಚಿನ ಅಂತರಕ್ಕೆ ಕಾರಣ ಈ ಎರಡೇ. 2013ರಲ್ಲಿ ಹರ್ಂಡನ್ ತಮ್ಮ ಇಬ್ಬರು ಅಧ್ಯಾಪಕರೊಡನೆ ಪ್ರಕಟಿಸಿದ ಲೆಕ್ಕದಲ್ಲಿ ಸರಾಸರಿಯು ಇಳಿಕೆಯಾಗಿರದೆ, ನೂರಕ್ಕೆ 2.2ರ ಏರಿಕೆಯಾಗಿತ್ತು. ಸಾಲು ಬಿಟ್ಟ ತಪ್ಪನ್ನು ಮೂಲ ಲೇಖಕರು ಒಪ್ಪಿದರು; ಅತಿಸಾಲವಿರುವಲ್ಲಿ ಪ್ರಗತಿ ಮಂದವೆಂಬ ಅಭಿಪ್ರಾಯವನ್ನು ಮಾತ್ರ ಬಿಡಲಿಲ್ಲ.

ಆ ಹಾಳೆ ಪ್ರಬಂಧದೊಡನೆಯೇ ಪ್ರಕಟವಾಗಿದ್ದರೆ ಮೂರು ವರ್ಷ ಕಾಯಬೇಕಾಗಿತ್ತೆ? ಸಂಶೋಧನೆಯ ಅಂಕಿಅಂಶಗಳನ್ನೂ ಲೆಕ್ಕದ ಕ್ರಮವನ್ನೂ ಸರ್ವರಿಗೂ ತೆರೆದಿಡುವ ಪದ್ಧತಿಗೆ ಮುಕ್ತ ವಿಜ್ಞಾನವೆಂದು ಹೆಸರು. 2021ರಲ್ಲಿ ಯುನೆಸ್ಕೊ ಇದನ್ನು ಶಿಫಾರಸು ಮಾಡಿತು. ಭಾರತ ಸರಕಾರದ ಎರಡು ವಿಜ್ಞಾನ ಇಲಾಖೆಗಳು, ತಮ್ಮ ಹಣದಿಂದಾದ ಸಂಶೋಧನೆಯ ಪ್ರಬಂಧಗಳು ಎಲ್ಲರಿಗೂ ಓದಲು ದೊರೆಯಬೇಕೆಂದು 2014ರಲ್ಲಿಯೇ ನೀತಿ ರೂಪಿಸಿದ್ದವು. ಪ್ರಬಂಧ ದೊರೆತರೆ ಸಾಲದು, ಅದರ ಹಿಂದಿನ ಲೆಕ್ಕವೂ ಬೇಕೆಂಬುದು ನಮ್ಮ ಅಭಿಮತ.

ವರ್ಷಗಟ್ಟಲೆ ದುಡಿದು ಕೂಡಿಸಿದ ಅಂಕಿಗಳನ್ನು ಬೇರೊಬ್ಬರು ಎತ್ತಿಕೊಂಡು ಹೆಸರು ಗಳಿಸಿಯಾರೆಂಬ ಅಂಜಿಕೆ ಸಂಶೋಧಕರಲ್ಲಿ ಇಲ್ಲದಿಲ್ಲ. ಅದು ಹುಸಿಯೂ ಅಲ್ಲ. ಆದುದರಿಂದಲೇ, ಅಂಕಿಗಳನ್ನು ಬಳಸಿಕೊಂಡವರು ಅವನ್ನು ಕೂಡಿಸಿದವರ ಹೆಸರನ್ನು ತಮ್ಮ ಪ್ರಬಂಧದಲ್ಲಿ ಕಾಣಿಸಬೇಕೆಂಬ ರೂಢಿಯೂ ಇದರ ಜೊತೆಯಲ್ಲಿಯೇ ಬೆಳೆಯುತ್ತಿದೆ.