ನೋಟಿನ ರೂಪ ಮತ್ತು ಬೆರಳಿನ ಲೆಕ್ಕ

ಭಾರತದಲ್ಲಿ ಬ್ಯಾಂಕ್ ನೋಟುಗಳನ್ನು ಹೊರಡಿಸುವ ಅಧಿಕಾರ ರಿಸರ್ವ್ ಬ್ಯಾಂಕಿನದು. ಆದರೆ ಅವು ಹೇಗಿರಬೇಕೆಂದು ಬ್ಯಾಂಕ್ ಒಂದೇ ತೀರ್ಮಾನಿಸುವಂತಿಲ್ಲ. 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 25ನೇ ಸೆಕ್ಷನ್ ಪ್ರಕಾರ ನೋಟಿನ ವಿನ್ಯಾಸ, ಸ್ವರೂಪ ಹಾಗೂ ಅದನ್ನು ತಯಾರಿಸುವ ವಸ್ತುವಿನ ಬಗ್ಗೆ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು. ಕೇಂದ್ರ ಸರ್ಕಾರ ಅದಕ್ಕೆ ಒಪ್ಪಿಗೆ ನೀಡಬೇಕು. ಅಂಗೈಯಗಲದ ಕಾಗದಕ್ಕೆ ಇಷ್ಟೊಂದು ಕಟ್ಟುಪಾಡು ಏಕೆ? ನೋಟು ಏಕಕಾಲಕ್ಕೆ ಮೂರು ಕೆಲಸ ಮಾಡಬೇಕಾಗಿದೆ. ಅದು ದೇಶದ ಗುರುತಾಗಬೇಕು, ಖೋಟಾ ನೋಟು ಮಾಡುವವನ ಕೈ ಕಟ್ಟಬೇಕು, ಯಾರ ಕೈಗೆ ಹೋದರೂ ತನ್ನ ಬೆಲೆ ತಿಳಿಸಬೇಕು.

ಮೊದಲನೆಯ ಕೆಲಸವೇ ಸುಲಭವಾಗಿರಲಿಲ್ಲ. 1938ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಮೊದಲ ನೋಟಿನ ಮೇಲೆ ಆರನೇ ಜಾರ್ಜ್ ದೊರೆಯ ಚಿತ್ರವಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಜಾಗದಲ್ಲಿ ಗಾಂಧೀಜಿಯ ಚಿತ್ರವಿರಲಿ ಎಂಬ ಆಲೋಚನೆ ಮೂಡಿ, ಅದಕ್ಕೆ ತಕ್ಕ ವಿನ್ಯಾಸಗಳೂ ಸಿದ್ಧವಾದವು. ಕೊನೆಗೆ ಒಮ್ಮತ ಮೂಡಿದ್ದು ಸಾರನಾಥದ ಸಿಂಹಗಳ ಬಗ್ಗೆ. 1969ರಲ್ಲಿ ಜನ್ಮಶತಾಬ್ದಿಯ ಸ್ಮರಣಾರ್ಥ ಸೇವಾಗ್ರಾಮದ ಹಿನ್ನೆಲೆಯಲ್ಲಿ ಕುಳಿತ ಗಾಂಧೀಜಿ ನೋಟಿಗೆ ಬಂದರು. 1987ರ ಐನೂರರ ನೋಟಿನಲ್ಲಿ ಅವರ ಭಾವಚಿತ್ರ ಕಾಣಿಸಿತು. ಅದು ಎಲ್ಲ ನೋಟುಗಳಿಗೂ ಹರಡಲು ದಾರಿಯಾದದ್ದು 1996ರ ‘ಮಹಾತ್ಮ ಗಾಂಧಿ ಸರಣಿ’ಯಿಂದ.

ಭಾಷೆಗಳಿಗೂ ನೋಟಿನಲ್ಲಿ ಸ್ಥಾನವಿದೆ. ಮುಂಭಾಗದಲ್ಲಿ ಹಿಂದಿ, ಇಂಗ್ಲಿಷ್ ಇದ್ದರೆ, ಹಿಂಭಾಗದ ಪಟ್ಟಿಯಲ್ಲಿ 15 ಭಾಷೆಗಳು ಬೆಲೆಯನ್ನು ಹೇಳುತ್ತವೆ. ಇಂಗ್ಲಿಷ್ ಅಕ್ಷರಾನುಕ್ರಮದ ಆ ಪಟ್ಟಿಯಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳ ನಂತರ ನಾಲ್ಕನೆಯದಾಗಿ ಕನ್ನಡ ಬರುತ್ತದೆ. 2016ರಿಂದ ಬಂದ ಹೊಸ ಸರಣಿಯ ಐವತ್ತರ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ನೋಟು ಅಚ್ಚಾಗುವ ನಾಲ್ಕು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ. ನೋಟಿನ ಕಾಗದದ ಕಾರ್ಖಾನೆಯೂ ಅಲ್ಲಿದೆ.

ಎರಡನೆಯ ಕೆಲಸ ಕಾಗದದಿಂದಲೇ ಶುರುವಾಗುತ್ತದೆ. ಹತ್ತಿಯ ನಾರಿನ ಈ ಕಾಗದ ತಯಾರಾಗುವಾಗಲೇ ನೀರುಗುರುತು ಮತ್ತು ಭದ್ರತಾ ಎಳೆ ಅದರೊಳಗೆ ಸೇರುತ್ತವೆ. ಹಿನ್ನೆಲೆಯ ನವಿರಾದ ಗೆರೆಗಳು ಆಫ್‌ಸೆಟ್ ಮುದ್ರಣದಲ್ಲಿ ಮೂಡುತ್ತವೆ. ಭಾವಚಿತ್ರದಂಥ ಭಾಗಗಳಿಗೆ ಕೊರೆದ ಅಚ್ಚಿನ ತಗಡು ಬೇಕು. ಕೊರೆದ ಗೆರೆಗಳಲ್ಲಿ ತುಂಬಿದ ಶಾಯಿ, ಭಾರಿ ಒತ್ತಡದಲ್ಲಿ ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಸಾಮಾನ್ಯ ಜೆರಾಕ್ಸ್ ಯಂತ್ರ ಬಣ್ಣವನ್ನು ನಕಲು ಮಾಡಬಹುದು, ಈ ಉಬ್ಬನ್ನಲ್ಲ.

ಈ ಉಬ್ಬೇ ಮೂರನೆಯ ಕೆಲಸಕ್ಕೂ ಆಧಾರ. ಕಣ್ಣು ಕಾಣದವರು ಬೆರಳಿನಿಂದ ತಿಳಿಯಲೆಂದು ನೂರರ ನೋಟಿಗೆ ತ್ರಿಕೋನ, ಐನೂರರದಕ್ಕೆ ವೃತ್ತದ ಗುರುತುಗಳಿವೆ. ಆಮೇಲೆ ಅಂಚಿನ ಗೆರೆಗಳೂ ಸೇರಿದವು. ಆದರೆ ಕೈಯಿಂದ ಕೈಗೆ ಹೋಗುತ್ತ ಉಬ್ಬು ಸವೆಯುತ್ತದೆ. ಎಷ್ಟು ಹಳೆಯದಾದರೂ ಸವೆಯದ ಗುರುತೆಂದರೆ ನೋಟಿನ ಅಳತೆ. ಹಿಂದಿನ ಸರಣಿಯಲ್ಲಿ ನೂರರ ನೋಟು 157 ಮಿಲಿಮೀಟರ್, ಐನೂರರದು 167, ಸಾವಿರದ್ದು 177 ಮಿಲಿಮೀಟರ್ ಉದ್ದವಿದ್ದವು. ಹೊಸ ಸರಣಿಯಲ್ಲಿ ನೂರು, ಇನ್ನೂರು, ಐನೂರರ ನೋಟುಗಳ ಉದ್ದ ಕ್ರಮವಾಗಿ 142, 146, 150. ಅಗಲ ಮೂರಕ್ಕೂ 66. ಹತ್ತು ಮಿಲಿಮೀಟರಿನ ಅಂತರ ನಾಲ್ಕಕ್ಕೆ ಇಳಿಯಿತು. ಕಣ್ಣಿದ್ದವರಿಗೆ ಇದು ಗಮನಕ್ಕೂ ಬಾರದ ಸಂಗತಿ. ಬೆರಳನ್ನೇ ನಂಬಿದವರಿಗೆ, ಅಂಗಡಿಯವನಿಗೆ ಇನ್ನೂರೆಂದು ಕೊಟ್ಟದ್ದು ಐನೂರಾಗಿಬಿಡುವ ಪ್ರಶ್ನೆ.

ಈ ತೊಂದರೆ ಮುಂಬೈ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. 2020ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ‘ಮನಿ’ ಎಂಬ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿತು. ಕ್ಯಾಮೆರಾದ ಮುಂದೆ ನೋಟು ಹಿಡಿದರೆ ಅದು ಬೆಲೆಯನ್ನು ಹೇಳುತ್ತದೆ. ಉಪಯುಕ್ತವೇ ಸರಿ. ಆದರೆ ಮೊಬೈಲ್ ಹೊರತೆಗೆದು ಒಂದೊಂದೇ ನೋಟನ್ನು ತೋರಿಸುವಷ್ಟು ಪುರುಸೊತ್ತು ಸಂತೆಯಲ್ಲಾಗಲಿ, ಬಸ್ಸಿನಲ್ಲಾಗಲಿ ಸಿಗುವುದು ಕಷ್ಟ.

ಅಳತೆ ಬದಲಾಯಿಸುವುದೂ ಸುಲಭವಲ್ಲ. 2016ರ ನವೆಂಬರಿನಲ್ಲಿ ಹೊಸ ಅಳತೆಯ ನೋಟುಗಳು ಬಂದಾಗ ದೇಶದುದ್ದಕ್ಕೂ ಎಟಿಎಂಗಳನ್ನು ಅವುಗಳಿಗೆ ಹೊಂದಿಸಬೇಕಾಯಿತು. ಅಂದರೆ ವಿನ್ಯಾಸದ ಹಂತದಲ್ಲಿ ಕಾಗದದ ಮೇಲೆ ಎಳೆದ ಗೆರೆಯನ್ನು ಆಮೇಲೆ ಅಳಿಸುವುದು ದುಬಾರಿ. ಹೊಸ ಸರಣಿಗೆ ಯಾರ ಚಿತ್ರ, ಯಾವ ಬಣ್ಣ ಎಂಬ ಚರ್ಚೆ ಸಹಜವಾಗಿ ನಡೆಯುತ್ತದೆ. ಅದರ ಜೊತೆಗೆ, ಕತ್ತಲಲ್ಲಿ ಈ ನೋಟನ್ನು ಗುರುತಿಸಲಾದೀತೇ ಎಂಬ ಪ್ರಶ್ನೆಯೂ ಅಚ್ಚಿನ ತಗಡು ಕೊರೆಯುವ ಮೊದಲೇ ಬರಬೇಕು.